ಮೇಲುಸಿರು ಉಸಿರಲ್ಲ

ಡೆನ್ಮಾರ್ಕ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ, ಸ್ಟೀರಿಂಗ್ ಹಿಡಿಯುವ ಮೊದಲೇ ನೆಲಕ್ಕೆ ಮಂಡಿ ಊರಬೇಕಾಯಿತು. 2006ರಿಂದ ಇಲ್ಲಿ ಹೊಸದಾಗಿ ಲೈಸೆನ್ಸ್ ಮಾಡಿಸುವವರು ಪ್ರಥಮ ಚಿಕಿತ್ಸೆ ಕಲಿಯಲೇಬೇಕು. ಹೃದಯ ನಿಂತವರ ಎದೆ ಒತ್ತುವುದನ್ನು, ಅಂದರೆ ಸಿಪಿಆರ್ ಅನ್ನು, ಕಲಿಯಲು ಎದುರಿಗೆ ಪ್ಲಾಸ್ಟಿಕ್ ಗೊಂಬೆ. ಅದರ ಎದೆಯ ನಡುವೆ ಅಂಗೈಯ ಬುಡ ಇಟ್ಟೆ, ಅದರ ಮೇಲೆ ಇನ್ನೊಂದು ಕೈ. ಮೆಲ್ಲಗೆ ಒತ್ತಿದೆ. ಏನೂ ಆಗಲಿಲ್ಲ. "ಇನ್ನೂ ಜೋರಾಗಿ" ಅಂದರು ಕಲಿಸುವವರು. ಮೊಣಕೈ ಮಡಚದೆ ಮೈಭಾರವೆಲ್ಲ ಹಾಕಿದಾಗ ಒಳಗಿಂದ 'ಟಕ್' ಅಂತ ಸದ್ದು ಬಂತು. ಎದೆ 5 ಸೆಂಟಿಮೀಟರ್ ಇಳಿದಾಗ ಬರುವ ಸದ್ದು ಅದು. ಹೀಗೆ ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಎರಡೇ ನಿಮಿಷಕ್ಕೆ ನನ್ನ ತೋಳು ಸೋತುಹೋಯಿತು.

ಆಗ ನೆನಪಾಗಿದ್ದು, ಹಿಂದೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಬಸ್ ಸ್ಟಾಪಿನಲ್ಲಿ ನಡೆದದ್ದು. ಹಿರಿಯರೊಬ್ಬರು ನಿಂತಲ್ಲೇ ಕುಸಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹದಿನೈದು ಜನ ಸೇರಿದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಒಬ್ಬರು ಅಂಗಾಲು ತಿಕ್ಕಿದರು, ಒಬ್ಬ ಹುಡುಗ ಆಟೋ ನಿಲ್ಲಿಸಲು ರಸ್ತೆ ಮಧ್ಯಕ್ಕೇ ಓಡಿದ. ನಾನು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆಗೊಮ್ಮೆ ಈಗೊಮ್ಮೆ ಅವರು ಬಾಯಿ ತೆರೆದು, ಗೊರಕೆಯಂತೆ ಒಂದು ಉಸಿರು ಎಳೆಯುತ್ತಿದ್ದರು. "ಉಸಿರಾಡ್ತಿದ್ದಾರೆ, ಏನೂ ಆಗಲ್ಲ" ಅಂದರು ಯಾರೋ. ನಾನೂ ಅದನ್ನೇ ನಂಬಿದೆ. ಅವರು ಉಳಿಯಲಿಲ್ಲ.

ಅದು ಉಸಿರಾಟವಲ್ಲ, ಮೇಲುಸಿರು. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಬರಬಹುದು ಅಂತ ನನಗೆ ಗೊತ್ತಾಗಿದ್ದು ಆ ಗೊಂಬೆಯ ಮುಂದೆ. ಭುಜ ತಟ್ಟಿ ಕೂಗಿದರೂ ಎಚ್ಚರವಿಲ್ಲ, ಉಸಿರು ಸರಿಯಾಗಿಲ್ಲ ಅಂದರೆ ಕಾಯುವಂತಿಲ್ಲ. ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಎದೆ ಒತ್ತಲು ಶುರು ಮಾಡಬೇಕು. ಬಾಯಿಗೆ ಬಾಯಿ ಇಡಲು ಹಿಂಜರಿಯುವವರೇ ಜಾಸ್ತಿ, ಅಲ್ವಾ? ದೊಡ್ಡವರು ದಿಢೀರನೆ ಕುಸಿದಾಗ ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ. ಅದನ್ನು ಮಿದುಳಿಗೆ ತಲುಪಿಸುವ ಪಂಪು ಮಾತ್ರ ನಿಂತಿರುತ್ತದೆ. ಆ ಪಂಪಿನ ಕೆಲಸ ನಮ್ಮ ಕೈಯದು. ಅಮೆರಿಕದ ಹೃದ್ರೋಗ ಸಂಘ 2008ರಲ್ಲೇ ಸಾಮಾನ್ಯ ಜನ ಹೀಗೆ ಬರೀ ಕೈಯಿಂದ ಒತ್ತಿದರೂ ಸಾಕು ಅಂದಿತು. ನಮ್ಮ ದೇಶದ ಅರಿವಳಿಕೆ ವೈದ್ಯರು 2017ರಲ್ಲಿ ಜನಸಾಮಾನ್ಯರಿಗೆ ಇದೇ ಕ್ರಮ ಹೇಳಿದರು. ಮಕ್ಕಳಿಗೆ, ನೀರಿನಲ್ಲಿ ಮುಳುಗಿದವರಿಗೆ ಉಸಿರೂ ಕೊಡಬೇಕು, ಅದು ಬೇರೆ. ಎದೆನೋವು ಅಂತ ಮಾತಾಡುತ್ತಿರುವವರ ಎದೆಯನ್ನಂತೂ ಒತ್ತಬಾರದು, ಅವರನ್ನು ಬೇಗ ಆಸ್ಪತ್ರೆಗೆ ಸೇರಿಸಬೇಕು.

ಇಲ್ಲಿನ ಜನ ನಮಗಿಂತ ಕರುಣೆಯುಳ್ಳವರು ಅಂತ ನಾನು ಹೇಳುತ್ತಿಲ್ಲ. ಹದಿನೈದು ಜನ ಓಡಿ ಬರುವುದು ನಮ್ಮಲ್ಲೇ. ಆದರೆ ಆ ಮೂವತ್ತು ಕೈಗಳಲ್ಲಿ ಒಂದಕ್ಕೂ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಡೆನ್ಮಾರ್ಕ್‌ನಲ್ಲೂ 2001ರಲ್ಲಿ ಹೃದಯ ನಿಂತು ಬಿದ್ದ ಐವರಲ್ಲಿ ಒಬ್ಬರಿಗಷ್ಟೇ ಸುತ್ತಲಿದ್ದವರು ಎದೆ ಒತ್ತುತ್ತಿದ್ದರು. 2005ರಲ್ಲಿ ಶಾಲೆಗಳಲ್ಲಿ ಕಲಿಸುವುದು ಕಡ್ಡಾಯವಾಯಿತು. 2010ರ ಹೊತ್ತಿಗೆ ಹೀಗೆ ನೆರವು ಸಿಕ್ಕವರು ನೂರಕ್ಕೆ 45ರ ಹತ್ತಿರ ಬಂದರು. ತಿಂಗಳ ನಂತರವೂ ಬದುಕಿದ್ದವರು ನೂರಕ್ಕೆ ಮೂರೂವರೆ ಇದ್ದದ್ದು ಹತ್ತು ದಾಟಿತು. ಆಂಬುಲೆನ್ಸ್, ಆಸ್ಪತ್ರೆಗಳೂ ಸುಧಾರಿಸಿದ್ದವು ನಿಜ. ಆದರೆ ಆಂಬುಲೆನ್ಸ್ ಬರುವ ತನಕ ಜೀವ ಹಿಡಿದಿಡುವವರು ಪಕ್ಕದಲ್ಲಿರುವವರೇ. ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ.

2021ರಲ್ಲಿ ಕೋಪನ್‌ಹೇಗನ್ ಮೈದಾನದಲ್ಲಿ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ನಿಂತು ಕುಸಿದು ಬಿದ್ದಿದ್ದನ್ನು ಲೋಕವೇ ನೋಡಿತು. ಮುಂದಿನ ವರ್ಷ ಅವರು ಮತ್ತೆ ಆಡಿದರು. ಅಲ್ಲಿ ವೈದ್ಯರು ಓಡಿಬರುವಷ್ಟು ಹತ್ತಿರದಲ್ಲಿದ್ದರು. ಆದರೆ ಹೆಚ್ಚಿನವರ ಹೃದಯ ನಿಲ್ಲುವುದು ಮನೆಯಲ್ಲಿ. ಅಲ್ಲಿರುವುದು ಹೆಂಡತಿ, ಮಗ, ಸೊಸೆ.

ಪಕ್ಕೆಲುಬು ಮುರಿದರೆ? ಮುರಿಯಬಹುದು, ಮತ್ತೆ ಕೂಡಿಕೊಳ್ಳುತ್ತದೆ. ಬಿದ್ದವರು ಹೆಣ್ಣುಮಗಳಾದರೆ? ಈ ಹಿಂಜರಿಕೆ ಹೊರದೇಶಗಳಲ್ಲೂ ಇದೆ. ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಜನ ಕೈಹಾಕುತ್ತಾರೆ. ಈ ಸಂಕೋಚಕ್ಕೆ ಒಬ್ಬ ತಾಯಿ ಸಾಯಬೇಕಾ? ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ನಮ್ಮ ಕನ್ನಡ ಸಂಘಗಳು, ಅಪಾರ್ಟ್‌ಮೆಂಟಿನವರು, ಬೆಳಗ್ಗೆ ವಾಕಿಂಗ್ ಹೋಗುವ ಗುಂಪುಗಳು ಅರ್ಧ ಗಂಟೆ ಇದಕ್ಕೆ ಕೊಡಲಿ. ಸುಮ್ನೆ ವಿಡಿಯೊ ಫಾರ್ವರ್ಡ್ ಮಾಡಿದರೆ ಆಗಲ್ಲ, ಮಂಡಿ ಊರಿ ಒತ್ತಿಯೇ ನೋಡಬೇಕು. ಕಳೆದ ಸಲ ಅಕ್ಕನ ಮನೆಗೆ ಹೋದಾಗ ಗಟ್ಟಿ ದಿಂಬು ನೆಲಕ್ಕೆ ಹಾಕಿದೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಎಣಿಸುತ್ತಾ ಒತ್ತಿದಳು. ಅರವತ್ತಕ್ಕೆ ಹಣೆಯಲ್ಲಿ ಬೆವರು. ನೂರೈವತ್ತಕ್ಕೆ ಕೈ ನಡುಗಿತು. "ಸರಿ, ಈಗ ನಾನು" ಅಂತ ಭಾವ ಎದುರು ಬದಿಯಲ್ಲಿ ಮಂಡಿ ಊರಿದರು. ಎಣಿಕೆ ನಿಲ್ಲಲಿಲ್ಲ.