ಬಾತುಕೋಳಿಗೆ ಬೇಕಿರುವುದು ಕೆರೆಯ ಅಂಚು

ನೂರು ಮರಿ ಹುಟ್ಟಿದರೆ ಅದರಲ್ಲಿ 96 ಸಾಯುತ್ತಿದ್ದವು. ಅದೂ ಎರಡು ಮೂರು ವಾರದ ವಯಸ್ಸಿಗೇ. ಯಾರೂ ಗುಂಡು ಹೊಡೆದದ್ದಲ್ಲ. ಕೆರೆಯ ಸುತ್ತ ಕಾಡಿತ್ತು, ಊರು ದೂರವಿತ್ತು. ಹೊರಗಿನಿಂದ ನೋಡಿದವರಿಗೆ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ ಅನ್ನಿಸಬೇಕು. ಅಂಥ ಕಡೆ ಮರಿಗಳು ಹಸಿವಿನಿಂದ ಸಾಯುತ್ತಿದ್ದವು.

ಇದು ಮಡಗಾಸ್ಕರ್ ಪೊಚಾರ್ಡ್ ಅನ್ನುವ ಬಾತುಕೋಳಿಯ ಕತೆ. ಜಗತ್ತಿನ ಅತಿ ಅಪರೂಪದ ಬಾತುಗಳಲ್ಲಿ ಒಂದು. ಕಡು ಕಂದು ಮೈ, ಗಂಡಿಗೆ ಬೆಳ್ಳಗಿನ ಕಣ್ಣು. ನೀರಲ್ಲಿ ಮುಳುಗಿ ತಳದಲ್ಲಿರುವ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಪೊಚಾರ್ಡ್, ಟಫ್ಟೆಡ್ ಡಕ್ ಬರುತ್ತವಲ್ಲ, ಅವು ಇದರ ದಾಯಾದಿಗಳು. ಆದರೆ ಅವು ಸಾವಿರಾರು ಕಿಲೋಮೀಟರ್ ಹಾರಿ ಬರುವ ಹಕ್ಕಿಗಳು. ಇದು ಒಂದೇ ದ್ವೀಪ ನಂಬಿಕೊಂಡು ಬದುಕಿದ್ದು. ದ್ವೀಪದಲ್ಲಿ ಜಾಗ ತಪ್ಪಿದರೆ ಇದಕ್ಕೆ ಬೇರೆ ಗತಿಯಿಲ್ಲ.

ಈ ಬಾತಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಪತ್ರಿಕೆಗಳಲ್ಲಿ ಇದರ ಸುದ್ದಿ ಬಂದಾಗಲೆಲ್ಲ "ಅಳಿದೇ ಹೋಗಿದೆ ಅಂದುಕೊಂಡಿದ್ದ ಹಕ್ಕಿ ಮತ್ತೆ ಸಿಕ್ಕಿತು" ಅನ್ನುವಲ್ಲಿಗೆ ಮುಗಿಯುತ್ತದೆ. ಸಿಕ್ಕಿದ್ದು ನಿಜ. ಆದರೆ ಸಿಕ್ಕ ಮೇಲೆ ನಡೆದದ್ದೇ ನಾವು ತಿಳಿಯಬೇಕಾದ ಭಾಗ. ಅದಕ್ಕೂ ನಮ್ಮೂರ ಕೆರೆಗಳಿಗೂ ನೇರ ಸಂಬಂಧ ಇದೆ.

ಮೊದಲು ಅದು ಹೋದದ್ದು ಹೇಗೆ ಅಂತ ಹೇಳುತ್ತೇನೆ. ಮಡಗಾಸ್ಕರಿನ ಅತಿ ದೊಡ್ಡ ಸರೋವರ ಅಲಾವೋತ್ರ. ಸುತ್ತ ಮೈಲಿಗಟ್ಟಲೆ ಜೌಗು, ಜೊಂಡು, ಪಪೈರಸ್ ಹುಲ್ಲು. 1930ರ ಸುಮಾರಿಗೆ ಅಲ್ಲಿಗೆ ಹೋದ ಹಕ್ಕಿ ತಜ್ಞರಿಗೆ ಈ ಬಾತು ಸಾಮಾನ್ಯವಾಗಿ ಕಾಣಸಿಗುತ್ತಿತ್ತು. ಆಮೇಲೆ ಜೌಗು ಭತ್ತದ ಗದ್ದೆಯಾಯಿತು. ಇವತ್ತು ಅದು ಆ ದೇಶದ ದೊಡ್ಡ ಅಕ್ಕಿಯ ಕಣಜ. ಸುತ್ತಲ ಗುಡ್ಡಗಳ ಮರ ಕಡಿದರು, ಹುಲ್ಲಿಗೆ ಬೆಂಕಿ ಹಾಕಿದರು. ಬೋಳಾದ ಕೆಂಪು ಮಣ್ಣಿನ ಗುಡ್ಡಗಳು ಮಳೆಗೆ ಬಾಯಿ ಬಿಟ್ಟವು. ಅಂಥ ದೊಡ್ಡ ಕೊರಕಲುಗಳನ್ನು ಅಲ್ಲಿಯವರು ಲವಾಕ ಅನ್ನುತ್ತಾರೆ. ಲವಾಕದಿಂದ ಇಳಿದ ಮಣ್ಣು ನೇರ ಸರೋವರಕ್ಕೆ. ಇದು ಸಾಲದು ಅಂತ ತಿನ್ನುವುದಕ್ಕೆ ಹೊರಗಿನಿಂದ ಮೀನು ತಂದು ಬಿಟ್ಟರು. ತಿಲಾಪಿಯ, ಗೆಂಡೆ, ಬಾಸ್. ಕೆಲವು ನೀರಿನ ಗಿಡಗಳನ್ನು ಮುಗಿಸಿದವು, ಕೆಲವು ಚಿಕ್ಕ ಜೀವಗಳನ್ನು ನುಂಗಿದವು. ನೈಲಾನ್ ಬಲೆಗಳು ಬಂದವು. ಮುಳುಗಿ ಮೇಯುವ ಹಕ್ಕಿಗೆ ಆ ಬಲೆ ನೀರೊಳಗೆ ಕಾಣುವುದಿಲ್ಲ. ಸಿಕ್ಕಿಕೊಂಡರೆ ಉಸಿರುಗಟ್ಟಿ ಸಾಯುತ್ತದೆ.

1960ರಲ್ಲಿ ಅಲಾವೋತ್ರದಲ್ಲಿ ಒಂದು ಸಣ್ಣ ಗುಂಪು ಕಂಡಿತ್ತು. ಆಮೇಲೆ ದಶಕಗಟ್ಟಲೆ ಅಲ್ಲಿ ಸುಳಿವೇ ಇಲ್ಲ. 1991ರಲ್ಲಿ ಒಬ್ಬ ಮೀನುಗಾರನ ಬಲೆಗೆ ಒಂದು ಗಂಡು ಬಿತ್ತು. ಬದುಕಿತ್ತು. ರಾಜಧಾನಿ ಅಂತನನರಿವೋದ ಸಿಂಬಜಾಜ ಉದ್ಯಾನಕ್ಕೆ ತಂದು ಸಾಕಿದರು. ಜೋಡಿ ಹುಡುಕಿದರು, ಸಿಗಲಿಲ್ಲ. ಅದು ಒಂದು ವರ್ಷದ ಸುಮಾರಿಗೆ ಸತ್ತುಹೋಯಿತು. ಅದೇ ಸರೋವರದಲ್ಲಿ ಒಂದು ಜಾತಿಯ ಗುಳುಮುಳುಕವೂ ಇತ್ತು. ನಮ್ಮ ಕೆರೆಗಳ ಗುಳುಮುಳುಕದ ಹತ್ತಿರದ ನೆಂಟ, ಅಲಾವೋತ್ರ ಗ್ರೀಬ್. 2010ರಲ್ಲಿ ಅದು ಪೂರ್ತಿ ಅಳಿದಿದೆ ಅಂತ ಘೋಷಿಸಿದರು. ಬಾತಿನ ಕತೆಯೂ ಹೀಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. 2006ರ ನವೆಂಬರಿನಲ್ಲಿ ಪೆರೆಗ್ರಿನ್ ಫಂಡ್ ಸಂಸ್ಥೆಯವರು ಉತ್ತರ ಮಡಗಾಸ್ಕರಿನ ದೂರದ ಮೂಲೆಯೊಂದರಲ್ಲಿ ಹದ್ದು, ಗಿಡುಗದಂಥ ಬೇಟೆಯಾಡುವ ಹಕ್ಕಿಗಳ ಸಮೀಕ್ಷೆ ಮಾಡುತ್ತಿದ್ದರು. ಅಲ್ಲಿಯ ವಿಜ್ಞಾನಿ ಲಿಲಿ ಅರಿಸನ್ ರೆನೆ ದ ರೋಲಾಂಡ್ ಮತ್ತು ಸಂಗಡಿಗರಿಗೆ ಬೆಮನೆವಿಕ ಅನ್ನುವ ಕಡೆ, ಮತ್ಸಬೊರಿಮೆನ ಅನ್ನುವ ಜ್ವಾಲಾಮುಖಿ ಬಾಯಿಯ ಕೆರೆಯಲ್ಲಿ, ಕಂದು ಬಾತುಗಳು ಕಂಡವು. ಒಂಬತ್ತು ದೊಡ್ಡವು, ನಾಲ್ಕು ಮರಿ. ಹುಡುಕಿದವರು ಇಷ್ಟು ವರ್ಷ ಅಲಾವೋತ್ರವನ್ನೇ ಹುಡುಕಿದ್ದರು. ಹಕ್ಕಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಕೂತಿತ್ತು.

ಇಲ್ಲಿ "ಹಕ್ಕಿ ಸಿಕ್ಕಿತು, ಕಾಡೂ ಇದೆ, ಕಾವಲು ಹಾಕಿ ಅದರ ಪಾಡಿಗೆ ಬಿಟ್ಟುಬಿಡಿ" ಅಂತ ಹೇಳುವುದು ಸುಲಭ. ಎಷ್ಟೋ ಪರಿಸರ ಪ್ರೇಮಿಗಳು ಇದನ್ನೇ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹಾಗೆ ಬಿಟ್ಟಿದ್ದರೆ ಈ ಹಕ್ಕಿ ಇವತ್ತಿಗೆ ಇರುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಇದ್ದದ್ದು ಇಪ್ಪತ್ತು ಇಪ್ಪತ್ತೈದು ಹಕ್ಕಿ. ಒಂದು ರೋಗ ಬಂದರೆ, ಒಂದು ಚಂಡಮಾರುತ ಬೀಸಿದರೆ ಮುಗಿಯಿತು. 2009ರಲ್ಲಿ ವನ್ಯಜೀವಿಗಳನ್ನು ಉಳಿಸುವ ಡರೆಲ್ ಟ್ರಸ್ಟ್, ಜೌಗು ಮತ್ತು ನೀರುಹಕ್ಕಿಗಳಿಗಾಗಿ ಕೆಲಸ ಮಾಡುವ ಬ್ರಿಟನ್ನಿನ ಡಬ್ಲ್ಯುಡಬ್ಲ್ಯುಟಿ, ಪೆರೆಗ್ರಿನ್ ಫಂಡ್ ಮತ್ತು ಮಡಗಾಸ್ಕರ್ ಸರ್ಕಾರ ಸೇರಿ ಧೈರ್ಯದ ಒಂದು ನಿರ್ಧಾರ ತೆಗೆದುಕೊಂಡವು. ಮೂರು ಗೂಡುಗಳಿಂದ ಸುಮಾರು ಎರಡು ಡಜನ್ ಮೊಟ್ಟೆ ತೆಗೆದರು. ಇನ್‌ಕ್ಯುಬೇಟರಿನಲ್ಲಿ ಕಾವು ಕೊಟ್ಟರು. ಮರಿಗಳನ್ನು ಇಡುವುದಕ್ಕೆ ಜಾಗವೇ ಇರಲಿಲ್ಲ. ಅಂತ್ಸೋಹಿಹಿ ಅನ್ನುವ ಪಟ್ಟಣದ ಹೋಟೆಲೊಂದರ ಬಚ್ಚಲು ಮನೆಯಲ್ಲಿ ಸಾಕಿದರು. ಒಂದು ಇಡೀ ಜಾತಿಯ ಭವಿಷ್ಯ ಹೋಟೆಲ್ ಬಚ್ಚಲಲ್ಲಿ ಈಜಾಡುತ್ತಿತ್ತು. ಓದುವಾಗ ಈಗಲೂ ನನಗೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಅದೇ ಊರಲ್ಲಿ ಸಾಕಣೆ ಕೇಂದ್ರ ಕಟ್ಟಿದರು. 2012ರಲ್ಲಿ ಅಲ್ಲೇ ಬೆಳೆದ ಹಕ್ಕಿಗಳು ಮೊಟ್ಟೆಯಿಟ್ಟು 18 ಮರಿ ಮಾಡಿದವು. ಆ ದಿನಕ್ಕೆ ಜಗತ್ತಿನಲ್ಲಿ ಇದ್ದ ಅಷ್ಟೂ ಮಡಗಾಸ್ಕರ್ ಪೊಚಾರ್ಡ್ ಸೇರಿ 60ರ ಆಸುಪಾಸು.

ಇತ್ತ ಕೆರೆಯಲ್ಲಿ ಉಳಿದ ಹಕ್ಕಿಗಳನ್ನು ವರ್ಷಗಟ್ಟಲೆ ಗಮನಿಸಿದವರಿಗೆ ಒಂದು ವಿಚಿತ್ರ ಕಂಡಿತು. ಹೆಣ್ಣುಗಳು ಮೊಟ್ಟೆ ಇಡುತ್ತವೆ, ಮೊಟ್ಟೆ ಒಡೆಯುತ್ತವೆ, ಮರಿ ನೀರಿಗಿಳಿಯುತ್ತವೆ. ಆಮೇಲೆ ಮಾಯ. ಮೊದಲಲ್ಲಿ ಹೇಳಿದ 96 ಅಲ್ಲಿಯದು. ಕಾರಣ ಕೆರೆಯ ಆಕಾರ. ಜ್ವಾಲಾಮುಖಿಯ ಬಾಯಿ ಅಲ್ವಾ, ದಡದಿಂದ ಇಳಿದ ಕೂಡಲೇ ಆಳ. ದೊಡ್ಡ ಹಕ್ಕಿ ಹೇಗೋ ಮುಳುಗಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಂಗೈಯಷ್ಟು ಮರಿಗೆ ಅದು ಸಾಧ್ಯವಿಲ್ಲ. ಮರಿಗೆ ಬೇಕಾದದ್ದು ತೆಳು ನೀರು, ಅದರಲ್ಲಿ ಗಿಡ, ಗಿಡದ ಬುಡದಲ್ಲಿ ಹುಳು. ಅದೇ ಅಲ್ಲಿ ಇರಲಿಲ್ಲ.

ಕೊನೆಯ ಹಕ್ಕಿಗಳು ಸಿಕ್ಕ ಜಾಗ ಅವುಗಳ ಮನೆಯಾಗಿರಬೇಕಿಲ್ಲ. ಬೇರೆ ಎಲ್ಲ ಕಡೆಯಿಂದ ಓಡಿಸಿಕೊಂಡು ಉಳಿದ ಕೊನೆಯ ಮೂಲೆಯೂ ಆಗಿರಬಹುದು. ಒಳ್ಳೆಯ ಜೌಗನ್ನೆಲ್ಲ ನಾವು ಗದ್ದೆ ಮಾಡಿಕೊಂಡೆವು. ಗದ್ದೆಗೂ ಒಗ್ಗದ, ಮೀನಿಗೂ ಒಗ್ಗದ ಕಡಿದಾದ ಗುಂಡಿ ಹಕ್ಕಿಗೆ ಉಳಿಯಿತು. ಆಮೇಲೆ ಅದನ್ನೇ "ನೈಸರ್ಗಿಕ ನೆಲೆ" ಅಂತ ಕರೆದು ಬೇಲಿ ಹಾಕಿ ಸಮಾಧಾನಪಟ್ಟರೆ ಹಕ್ಕಿ ಬೇಲಿಯೊಳಗೇ ಸಾಯುತ್ತದೆ. ನನ್ನ ವಾದವೆಲ್ಲ ಇಷ್ಟೇ. ಹಕ್ಕಿಯನ್ನು ಕಾಯುವುದು ಅರ್ಧ ಕೆಲಸ, ಅದು ಕಳೆದುಕೊಂಡ ನೀರನ್ನು ವಾಪಸ್ ಕೊಡಿಸುವುದು ಉಳಿದರ್ಧ. ಎರಡನೆಯದೇ ಕಷ್ಟ, ಅದಕ್ಕೇ ಜಾಸ್ತಿ ಹಣ, ಜಾಸ್ತಿ ಕಾಲ ಬೇಕು.

ಮಡಗಾಸ್ಕರಿನಲ್ಲಿ ಆ ಎರಡನೆಯ ಕೆಲಸಕ್ಕೆ ಕೈ ಹಾಕಿದರು ಅನ್ನುವುದೇ ನನಗೆ ಇಷ್ಟವಾದದ್ದು. ಕೆರೆಗಳನ್ನು ಹುಡುಕಿ ಹುಡುಕಿ ಉತ್ತರದ ಸೋಫಿಯಾ ಸರೋವರ ಆರಿಸಿದರು. ಅದೇನೂ ಮನುಷ್ಯರಿಲ್ಲದ ಜಾಗವಲ್ಲ. ಸುತ್ತ ಹಳ್ಳಿಗಳಿವೆ, ಗದ್ದೆಗಳಿವೆ, ಮೀನು ಹಿಡಿಯುವವರಿದ್ದಾರೆ. ಜೌಗು ಅಲ್ಲೂ ಕೆಟ್ಟಿತ್ತು. ಹಾಗಾಗಿ ಹಕ್ಕಿ ಬಿಡುವ ಮೊದಲೇ ಜನರ ಜೊತೆ ಕೂತರು. ಯಾವ ಕಾಲದಲ್ಲಿ ಎಲ್ಲಿ ಮೀನು ಹಿಡಿಯುವುದು, ಕಡಿಮೆ ವಿಷ ಹೊಡೆದು ಭತ್ತ ಹೇಗೆ ಬೆಳೆಯುವುದು, ಗುಡ್ಡದಲ್ಲಿ ಏನು ನೆಡುವುದು, ಎಲ್ಲ ಆ ಊರಿನವರ ಜೊತೆಯೇ. 2018ರ ಡಿಸೆಂಬರಿನಲ್ಲಿ 21 ಹಕ್ಕಿ ಬಿಟ್ಟರು. ಸುಮ್ನೆ ತಂದು ನೀರಿಗೆ ಎಸೆಯಲಿಲ್ಲ. ಸ್ಕಾಟ್ಲೆಂಡಿನಲ್ಲಿ ಮೀನು ಸಾಕುವವರು ಬಳಸುವ ತೇಲುವ ಪಂಜರಗಳನ್ನು ಮಾರ್ಪಡಿಸಿ ಸರೋವರದ ಮೇಲೇ ಪಕ್ಷಿಶಾಲೆ ಕಟ್ಟಿದ್ದರು. ಹಕ್ಕಿಗಳು ಅದರೊಳಗೇ ಆ ನೀರಿಗೆ ಹೊಂದಿಕೊಂಡು, ಈಜು ಮುಳುಗು ಎಲ್ಲ ರೂಢಿಸಿಕೊಂಡವು. ಆಮೇಲೆ ಬಾಗಿಲು ತೆಗೆದರು. ಹಾರಿಹೋಗಲಿಲ್ಲ, ಅಲ್ಲೇ ನಿಂತವು. ಅಲ್ಲೇ ಗೂಡು ಕಟ್ಟಿ ಮರಿಯನ್ನೂ ಮಾಡಿದವು.

ಇಂಥದ್ದು ಬರೆದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ಬಡ ದೇಶ. ಜನರಿಗೇ ಊಟವಿಲ್ಲ. ಬಾತುಕೋಳಿಗೆ ಇಷ್ಟು ಖರ್ಚು ಬೇಕಾ?" ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಲಾವೋತ್ರದ ರೈತನನ್ನು ಒಮ್ಮೆ ಯೋಚಿಸಿ. ಬಾತಿನ ಜೌಗನ್ನು ಮುಚ್ಚಿದ ಕೆಂಪು ಮಣ್ಣು ಅವನ ಕಾಲುವೆಯನ್ನೂ ಮುಚ್ಚುತ್ತದೆ. ಅವನ ಗದ್ದೆಯ ಮೇಲೂ ಮರಳು ಕೂರಿಸುತ್ತದೆ. ಮೀನು ಮರಿ ಬೆಳೆಯುವ ಜೊಂಡು ಹೋದರೆ ಮೀನುಗಾರನ ಬಲೆ ಖಾಲಿ. ಹಕ್ಕಿಗೂ ರೈತನಿಗೂ ಶತ್ರು ಒಂದೇ, ಗುಡ್ಡದಿಂದ ಇಳಿಯುವ ಹೂಳು. ಹಕ್ಕಿಯ ಹೆಸರಲ್ಲಿ ಬಂದ ಹಣ ಗುಡ್ಡದ ಮೇಲೆ ಮರವಾದರೆ ಅದು ಅನ್ನದ ಖರ್ಚೇ. ಆದರೆ ಇಲ್ಲಿ ಒಂದು ಷರತ್ತಿದೆ. ಆ ಜನರನ್ನು ಹೊರಗಿಟ್ಟು, ಮೀನು ಹಿಡಿಯಬೇಡಿ ಅಂತ ಬರೀ ಬೋರ್ಡು ನೆಟ್ಟರೆ ಕೇಳುವವರ ಪ್ರಶ್ನೆ ನ್ಯಾಯವೇ ಆಗುತ್ತದೆ.

ತಡಮಾಡಿದರೆ ಏನಾಗುತ್ತದೆ ಅಂತ ತಿಳಿಯಲು ಮಡಗಾಸ್ಕರಿಗೆ ಹೋಗಬೇಕಿಲ್ಲ. ನಮ್ಮ ದೇಶದಲ್ಲೇ ಗುಲಾಬಿ ತಲೆಯ ಬಾತು ಇತ್ತು. ಬಿಹಾರ, ಬಂಗಾಳದ ಹುಲ್ಲು ಜೌಗಿನ ಹಕ್ಕಿ. ಕೊನೆಯದಾಗಿ ಖಚಿತವಾಗಿ ಕಂಡದ್ದು 1935ರಲ್ಲಿ, ದರ್ಭಂಗದ ಕಡೆ. ಕಂಡದ್ದೂ ಗುಂಡು ಹೊಡೆದಾಗ. ಆಗ ಕೆಲವು ಹಕ್ಕಿಗಳನ್ನು ಇಂಗ್ಲೆಂಡಿನ ಶ್ರೀಮಂತರೊಬ್ಬರ ತೋಟದಲ್ಲಿ ಸಾಕಿದ್ದರು, ಅವೂ ಮರಿ ಮಾಡದೆ ಸತ್ತವು. ಇತ್ತೀಚಿನ ತನಕ ಮ್ಯಾನ್ಮಾರಿನ ಜೌಗುಗಳಲ್ಲಿ ಹುಡುಕಿದವರಿದ್ದಾರೆ, ಸಿಕ್ಕಿಲ್ಲ. ಅದನ್ನು ಬಚ್ಚಲಲ್ಲಿ ಸಾಕುವ ಹುಚ್ಚು ಯಾರಿಗಾದರೂ ನೂರು ವರ್ಷದ ಹಿಂದೆ ಬಂದಿದ್ದರೆ, ಅದರ ಜೌಗು ಉಳಿಸುವ ಬುದ್ಧಿಯೂ ಬಂದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ನಮ್ಮ ಕೆರೆಗಳಿಗೆ ಬರುತ್ತೇನೆ. ಮತ್ಸಬೊರಿಮೆನದ ಕಡಿದಾದ ದಡ ಜ್ವಾಲಾಮುಖಿ ಮಾಡಿದ್ದು. ನಮ್ಮಲ್ಲಿ ಅದನ್ನು ನಾವೇ ದುಡ್ಡು ಕೊಟ್ಟು ಮಾಡಿಸುತ್ತಿದ್ದೇವೆ. ಬೆಂಗಳೂರಿನಲ್ಲಿ ಅಭಿವೃದ್ಧಿ ಅಂತ ಕೆಲಸ ನಡೆದ ಎಷ್ಟೋ ಕೆರೆಗಳನ್ನು ನೋಡಿ. ಸುತ್ತಲೂ ಒಂದೇ ಸಮ ಅಗೆದು, ಬೋಗುಣಿಯ ಆಕಾರ ಮಾಡಿ, ಅಂಚಿಗೆ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ದಾರಿ. ನೀರೇನೋ ತುಂಬಿರುತ್ತದೆ, ಫೋಟೋಗೆ ಚೆನ್ನಾಗಿರುತ್ತದೆ. ಆದರೆ ಚುಕ್ಕೆ ಕೊಕ್ಕಿನ ಬಾತು ಮರಿಗಳನ್ನು ಎಲ್ಲಿ ಮೇಯಿಸಬೇಕು? ದೇವನಕ್ಕಿ ಎಲ್ಲಿ ಗೂಡು ಮಾಡಬೇಕು? ಗೊರವ, ಉಲ್ಲಂಕಿ ಎಲ್ಲಿ ನಿಲ್ಲಬೇಕು?

ನಮ್ಮ ಹಿರಿಯರು ಕಟ್ಟಿದ ಕೆರೆ ಹೀಗಿರಲಿಲ್ಲ. ಏರಿಯ ಹತ್ತಿರ, ತೂಬಿನ ಕಡೆ ಆಳ. ಅಲ್ಲಿಂದ ನೀರು ಬರುವ ದಿಕ್ಕಿಗೆ ಹೋಗುತ್ತಾ ಹೋಗುತ್ತಾ ತೆಳುವಾಗಿ, ಕೊನೆಗೆ ಬರೀ ಕೆಸರು, ಆಪು, ಜೊಂಡು. ದನ ಮೇಯುವ ಕೆರೆ ಅಂಗಳ. ಹಳ್ಳಿಯವರು ಬೇಸಿಗೆಯಲ್ಲಿ ಕೆರೆಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು, ಹೂಳೂ ಹೋಗುತ್ತಿತ್ತು, ಅಂಚೂ ಉಳಿಯುತ್ತಿತ್ತು. ಹೂಳೆತ್ತುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೂಳೆತ್ತಲೇಬೇಕು. ಆ ತೆಳು ಭಾಗವನ್ನೂ ಹೂಳು ಅಂತ ತಿಳಿದು ಕಿತ್ತುಹಾಕಬೇಡಿ ಅನ್ನುತ್ತಿದ್ದೇನೆ. ಕೆರೆಯ ಜೀವ ಇರುವುದೇ ಅಲ್ಲಿ.

ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಅಳಿವೆ, ಮೂರಕ್ಕೂ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ರಂಗನತಿಟ್ಟಿಗೆ 2022ರಲ್ಲೇ ಸಿಕ್ಕಿತ್ತು. ನಿಜಕ್ಕೂ ಸಂತೋಷದ ವಿಷಯ. ಆದರೆ ನಾಲ್ಕು ಹೆಸರು ಪಟ್ಟಿಯಲ್ಲಿದ್ದರೆ ಸಾಲದು. ಚಳಿಗಾಲದ ಬಾತು ಒಂದೇ ಕೆರೆಯಲ್ಲಿ ಕೂರುವುದಿಲ್ಲ, ಹತ್ತಾರು ಕೆರೆ ಸುತ್ತುತ್ತದೆ. ನಮಗೆ ಬರುವ ಕಾಮನ್ ಪೊಚಾರ್ಡನ್ನೂ 2015ರಲ್ಲಿ ಅಪಾಯದಂಚಿನ ಹಕ್ಕಿಗಳ ಪಟ್ಟಿಗೆ ಸೇರಿಸಿದ್ದಾರೆ. ಒಂದು ಕಾಲಕ್ಕೆ ಅದರ ಬಗ್ಗೆ ಯಾರೂ ಚಿಂತಿಸುತ್ತಿರಲಿಲ್ಲ. ಅಲಾವೋತ್ರದ ಬಾತಿನ ಬಗ್ಗೆಯೂ 1930ರಲ್ಲಿ ಯಾರೂ ಚಿಂತಿಸಿರಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಕೆರೆ ಸಮಿತಿಯಲ್ಲಿ ಓಡಾಡುವವರಿದ್ದೀರಿ, ಎಂಜಿನಿಯರುಗಳಿದ್ದೀರಿ. ನಿಮ್ಮ ಊರಿನ ಕೆರೆಗೆ ಜೆಸಿಬಿ ಇಳಿಯುವ ಮೊದಲು ನಕ್ಷೆ ಕೇಳಿ. ನೀರು ಬರುವ ಕಡೆಯ ಅಂಗಳವನ್ನು ಎಷ್ಟು ಆಳ ಅಗೆಯುತ್ತೀರಿ ಅಂತ ಕೇಳಿ. ಅಲ್ಲಿ ಮೊಣಕಾಲುದ್ದಕ್ಕಿಂತ ಜಾಸ್ತಿ ನೀರು ನಿಲ್ಲದ ಹಾಗೆ, ಇಳಿಜಾರು ಹಾಗೇ ಉಳಿಯುವ ಹಾಗೆ ಬರೆಸಿಕೊಳ್ಳಿ. ಕಲ್ಲು ಕಟ್ಟುವುದಿದ್ದರೆ ಏರಿಗೆ ಮಾತ್ರ ಕಟ್ಟಲಿ. ವಾಕಿಂಗ್ ದಾರಿ ಬೇಕೇ ಬೇಕು ಅಂದರೆ ಒಂದು ಬದಿಗೆ ಸಾಕು, ಸುತ್ತಲೂ ಬೇಡ. ಕೆಲಸ ಶುರುವಾದ ಮೇಲೆ ಕೇಳಿದರೆ ಬಿಲ್ ಆಗಿದೆ ಅನ್ನುತ್ತಾರೆ. ಬೇಸಿಗೆಗೆ ಮುಂಚೆಯೇ ಕೇಳಿ.