ಬಿಕ್ಕಳಿಕೆ, ಸಾವಧಾನ್!

ಬಿಸಿ ಪಾಯಸ ಗಬಗಬ ತಿಂದರೆ ಬಿಕ್ಕಳಿಕೆ ಬರುತ್ತದೆ. ಯಾರಿಗೂ ಬರುತ್ತದೆ. ಒಂದು ಲೋಟ ನೀರು ಕೊಟ್ಟು ಸುಮ್ನೆ ಬಿಟ್ಟರೆ ಅದರ ಪಾಡಿಗೆ ಹೋಗುತ್ತದೆ. ಆದರೆ ನಮ್ಮ ಭಾವನ ಎದುರು ಬಂದರೆ ಮಾತ್ರ ಅದು ಶಿಸ್ತಿನ ಪ್ರಶ್ನೆ.

ಮೊನ್ನೆ ಆಗಸ್ಟ್ 3, ಆಟಿ ತಿಂಗಳ ಹದಿನೆಂಟನೇ ದಿನ. ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅವತ್ತು ಮದ್ದುಸೊಪ್ಪಿನ ಪಾಯಸ ಆಗಲೇಬೇಕು. ಸೋಮವಾರಪೇಟೆ ಹತ್ತಿರ ಅಕ್ಕನ ಮನೆ. ಹೊರಗೆ ಧೋ ಅಂತ ಮಳೆ, ಕರೆಂಟ್ ಯಾವಾಗಲೋ ಹೋಗಿತ್ತು. ನೇರಳೆ ಬಣ್ಣದ ಪಾಯಸಕ್ಕೆ ತುಪ್ಪ, ಜೇನು ಸುರಿದುಕೊಂಡು ಎರಡನೇ ಬಟ್ಟಲು ಮುಗಿಸುವ ಹೊತ್ತಿಗೆ ಗಂಟಲಿಂದ ‘ಹಿಕ್’ ಅಂತ ಬಂತು.

“ನಿಲ್ಲಿಸು ಅದನ್ನ,” ಅಂದರು ಭಾವ.

ಭಾವ ಸುಬೇದಾರ್ ಆಗಿ ರಿಟೈರ್ ಆದವರು. “ಮನಸ್ಸು ಗಟ್ಟಿ ಇದ್ರೆ ದೇಹ ಹೇಳಿದ ಹಾಗೆ ಕೇಳುತ್ತೆ” ಅನ್ನುವುದು ಅವರ ಸಿದ್ಧಾಂತ. ಸೀನು ಬಂದರೂ ಇದೇ ಮಾತು, ಆಕಳಿಕೆ ಬಂದರೂ ಇದೇ ಮಾತು. ಒಮ್ಮೆ ಸಂಪಾಜೆ ಘಾಟಿ ಇಳಿಯುವಾಗ ಹೊಟ್ಟೆ ತೊಳೆಸ್ತಿದೆ ಅಂದ ಮೊಮ್ಮಗನಿಗೆ “ಅದೆಲ್ಲ ಮನಸ್ಸಿನದ್ದು” ಅಂದಿದ್ದರು. ಎಲ್ಲಿಯದು ಅಂತ ಮುಂದಿನ ತಿರುವಿನಲ್ಲಿ ಅವರ ಶೂಗೆ ಗೊತ್ತಾಯಿತು.

ತೋಟ ಇರುವ ಮನುಷ್ಯನಿಗೆ ಇದು ಅರ್ಥವಾಗದೇ ಇರುವುದು ನನಗೆ ಆಶ್ಚರ್ಯ. ಸಾಹುಕಾರ್ರು ಬೆಳಿಗ್ಗೆ ವರಾಂಡದಲ್ಲಿ ನಿಂತು “ಇವತ್ತು ಗೊಬ್ಬರ ಹಾಕಿಸಿ” ಅಂತಾರೆ. ಆಳು ಬಂದರಾ, ಗೇಟ್ ಹಾಕಿದರಾ, ಮೋಟರ್ ಆಫ್ ಆಯಿತಾ, ಅದೆಲ್ಲ ತೋಟದ ಉಸ್ತುವಾರಿಯ ರೈಟರ್ ನೋಡಿಕೊಳ್ಳುವುದು. ಸಾಹುಕಾರ್ರನ್ನು ಕೇಳುವುದೂ ಇಲ್ಲ, ಕೇಳಿದರೆ ಅವರಿಗೆ ಗೊತ್ತಿರುವುದೂ ಇಲ್ಲ. ನಮ್ಮ ಮೈಯೂ ಹಾಗೇ. ಕೈ ಎತ್ತು, ಚಮಚ ಹಿಡಿ ಅನ್ನುವ ಆರ್ಡರ್ ಮೆದುಳಿನಿಂದ ನಾವು ಕೊಡುವುದು. ಎದೆ ಎಷ್ಟು ಸಲ ಬಡಿಯಬೇಕು, ತಿಂದದ್ದು ಕರುಳಿನಲ್ಲಿ ಯಾವ ಸ್ಪೀಡಿನಲ್ಲಿ ಹೋಗಬೇಕು, ಯಾವಾಗ ಬೆವರಬೇಕು ಅನ್ನುವುದೆಲ್ಲ ಸ್ವಾಯತ್ತ ನರವ್ಯೂಹದ ಕೈಯಲ್ಲಿ. ಅದರಲ್ಲೂ ಎರಡು ಪಾಳಿ. ತೋಟದ ದಾರಿಯಲ್ಲಿ ಆನೆ ಎದುರಾದರೆ ಸಿಂಪಥೆಟಿಕ್ ನರಗಳು ಎದ್ದು ಎದೆಬಡಿತ ಏರಿಸಿ, ಕಣ್ಣಿನ ಪಾಪೆ ಅಗಲ ಮಾಡಿ, ಜೀರ್ಣದ ಕೆಲಸ ಆಮೇಲೆ ನೋಡೋಣ ಅನ್ನುತ್ತವೆ. ಆನೆ ಹೋದ ಮೇಲೆ ಪ್ಯಾರಾಸಿಂಪಥೆಟಿಕ್ ಬಂದು ಎಲ್ಲವನ್ನೂ ತಣ್ಣಗೆ ಮಾಡುತ್ತದೆ. ಎರಡಕ್ಕೂ ನಮ್ಮ ಸಹಿ ಬೇಕಿಲ್ಲ.

ತಕರಾರು ಇರುವುದು ಉಸಿರಿನ ವಿಷಯದಲ್ಲಿ. ಅಲ್ಲಿ ಇಬ್ಬರೂ ಯಜಮಾನರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನುವ ಸ್ನಾಯು ನಾವು ಹೇಳಿದರೂ ಕೇಳುತ್ತದೆ, ನಿದ್ದೆಯಲ್ಲಿ ತಾನಾಗೇ ಕೆಲಸ ಮಾಡುತ್ತದೆ. ಅದಕ್ಕೆ ಆರ್ಡರ್ ಬರುವುದು ಕುತ್ತಿಗೆಯಿಂದ ಇಳಿಯುವ ಫ್ರೆನಿಕ್ ನರದಲ್ಲಿ. ಪಾಯಸದಿಂದ ಹೊಟ್ಟೆ ಉಬ್ಬಿ ಕಿರಿಕಿರಿ ಆದರೆ ವಪೆ ಒಮ್ಮೆಲೇ ಜಗ್ಗುತ್ತದೆ, ಗಾಳಿ ಒಳಗೆ ನುಗ್ಗುತ್ತದೆ, ಸುಮಾರು 35 ಮಿಲಿಸೆಕೆಂಡಿನಲ್ಲಿ ಗಂಟಲಿನ ಬಾಗಿಲು ಪಟ್ ಅಂತ ಮುಚ್ಚುತ್ತದೆ. ಅದೇ ‘ಹಿಕ್’. ಈ ಸ್ಪೀಡಿನ ಮುಂದೆ ಸುಬೇದಾರ್ ಏನು ಮಾಡಿಯಾರು?

ಅಮೆರಿಕದ ಅಯೋವಾದ ಚಾರ್ಲ್ಸ್ ಆಸ್ಬರ್ನ್ ಅನ್ನುವವರಿಗೆ 1922ರಲ್ಲಿ ಶುರುವಾದ ಬಿಕ್ಕಳಿಕೆ 1990ರವರೆಗೂ ನಿಲ್ಲಲಿಲ್ಲ, ಗಿನ್ನಿಸ್ ದಾಖಲೆ. ಕಡಿಯಲಿಕ್ಕಿದ್ದ ಹಂದಿಯನ್ನು ತೂಕ ಮಾಡಲು ಹೋದಾಗ ಶುರುವಾದದ್ದಂತೆ. ಭಾವನಿಗೆ ಬುದ್ಧಿ ಬರಲಿ ಅಂತ ಇದನ್ನು ಹಿಕ್ ಹಿಕ್ ನಡುವೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಹಂದಿ ಎಷ್ಟು ಕೆಜಿ ಇತ್ತು?” ಅಂದರು.

ಆಮೇಲೆ ಶುರುವಾಯಿತು ನೋಡಿ ಚಿಕಿತ್ಸೆ. ನನ್ನನ್ನು ಜಗುಲಿಗೆ ಕರೆದು ನಿಲ್ಲಿಸಿದರು. “ಸಾವಧಾನ್! ಉಸಿರು ಕಟ್ಟು! ಏಕ್, ದೋ, ತೀನ್...” ಕೈಯಲ್ಲಿ ಹಳೇ ಎಚ್ಎಂಟಿ ವಾಚು. ಎಣಿಕೆ ಹದಿನೇಳಕ್ಕೆ ಬರುವಾಗ ನನಗೆ ಹಿಕ್. “ಫಿರ್ ಸೇ!” ಮತ್ತೆ ಏಕ್‌ನಿಂದ. ಅಕ್ಕನ ಮಗಳು ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದಳು. ನನ್ನ ಮುಖ ಕೆಂಪಾಯಿತು, ಕಿವಿ ಬಿಸಿಯಾಯಿತು. ಉಸಿರು ಕಟ್ಟಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಒಂದು ಹಂತಕ್ಕೆ ಬಂದಾಗ ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ನಮ್ಮ ಮಾತನ್ನು ತಳ್ಳಿಹಾಕಿ ಉಸಿರು ಎಳೆಸಿಯೇ ಬಿಡುತ್ತದೆ. ಭಾವನ ಲೆಕ್ಕದಲ್ಲಿ ಇದು ಅವಿಧೇಯತೆ. “ಮೂವತ್ತೂ ಆಗಿಲ್ಲ, ಎಂಥ ಶ್ವಾಸಕೋಶ ನಿಂದು!”

ಅದಾದ ಮೇಲೆ ಹೆದರಿಸುವ ಕಾರ್ಯಕ್ರಮ. ಬೇರೆಯವರಾದರೆ ಹಿಂದಿನಿಂದ ಬಂದು ಬೆನ್ನಿಗೆ ಗುದ್ದುತ್ತಾರೆ. ಭಾವನಿಗೆ ಅದು ಮರ್ಯಾದೆ ಅಲ್ಲ. ಎದುರು ನಿಂತು, “ಈಗ ನಾನು ನಿನ್ನನ್ನು ಹೆದರಿಸ್ತೇನೆ, ರೆಡಿಯಾ?” ಅಂತ ಕೇಳಿದರು. ರೆಡಿ ಅಂದೆ. “ಹೋ!” ಅಂತ ಕೂಗಿದರು. ಬೆಕ್ಕು ಅಟ್ಟ ಹತ್ತಿತು. ನನಗೆ ಹಿಕ್ ಬಂತು. “ನೀನು ಸರಿಯಾಗಿ ಹೆದರಲಿಲ್ಲ,” ಅಂದರು. ತಪ್ಪು ನನ್ನದೇ!

“ಬಿಡಿ ಅವಳನ್ನ, ಸಕ್ಕರೆ ತಿನ್ನಲಿ,” ಅಂತ ಅಕ್ಕ ಒಳಗಿನಿಂದ ಕೂಗಿದಳು. ಕೂಗುತ್ತಾ ಒಲೆ ಮೇಲಿನ ಪಾತ್ರೆ ಮುಟ್ಟಿದಳು ಅಂತ ಕಾಣುತ್ತದೆ, ಆಮೇಲೆ ‘ಅಯ್ಯೋ’ ಕೇಳಿಸಿತು. ಸುಟ್ಟಾಗ ಕೈ ಮೊದಲು ವಾಪಸ್ ಬರುತ್ತದೆ, ಅಯ್ಯೋ ಆಮೇಲೆ. ಆ ತೀರ್ಮಾನ ಬೆನ್ನುಹುರಿಯಲ್ಲೇ ಆಗಿಬಿಡುತ್ತದೆ, ಮೆದುಳಿಗೆ ಸುದ್ದಿ ಮುಟ್ಟುವುದೇ ತಡವಾಗಿ. ಇದನ್ನೂ ಭಾವನಿಗೆ ವಿವರಿಸಬೇಕು ಅಂತಿದ್ದೆ. ಅಷ್ಟರಲ್ಲಿ ಅವರು ತಮ್ಮ ಕಾಲು ನೋಡಿಕೊಂಡರು. ಬೆರಳ ಸಂದಿನಲ್ಲಿ ಜಿಗಣೆ, ದ್ರಾಕ್ಷಿಯಷ್ಟು ದಪ್ಪ. ಅಷ್ಟು ಹೊತ್ತು ರಕ್ತ ಹೀರಿದರೂ ಶಿಸ್ತಿನ ನರಗಳಿಂದ ಒಂದು ರಿಪೋರ್ಟೂ ಬಂದಿರಲಿಲ್ಲ. ಕಣ್ಣಿಗೆ ಬಿದ್ದದ್ದೇ ತಡ, ಸುಬೇದಾರ್ ಸಾಹೇಬರು ಒಂದೇ ಕಾಲಲ್ಲಿ ಜಗುಲಿ ತುಂಬಾ ಕುಣಿದರು. ‘ಸಾವಧಾನ್’ ಅನ್ನೋಣ ಅಂತ ಬಾಯಿ ತೆರೆದೆ. ‘ಹಿಕ್’ ಬಂತು.

ಆಮೇಲೆ ಕಾಫಿ. ಅಕ್ಕ ನಮಗೆಲ್ಲ ತುಂಬಿಸಿ ಕೊಟ್ಟು, ಭಾವನಿಗೆ ಮಾತ್ರ ಅರ್ಧ ಲೋಟ ಕೊಟ್ಟಳು. ಸಕ್ಕರೆ ಕಾಯಿಲೆಯಾ ಅಂತ ಕೇಳಹೊರಟವಳು ಅವರ ಕೈ ನೋಡಿ ಸುಮ್ಮನಾದೆ. ಮಡಿಲಲ್ಲಿ ಇದ್ದಾಗ ಸರಿಯಾಗೇ ಇತ್ತು. ಲೋಟ ಎತ್ತಿದ ಕೂಡಲೇ ನಡುಕ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಸಮಯದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದು ಬಹುಮಾನ ತಂದ ಕೈ ಅದು. ಭಾವ ಇನ್ನೊಂದು ಕೈಯನ್ನೂ ಕೊಟ್ಟು ಲೋಟ ಹಿಡಿದು, ಮಳೆ ನೋಡುತ್ತಾ ಕುಡಿದರು. ಆ ಕೈಗೆ ಅವರು ಯಾವ ಆರ್ಡರನ್ನೂ ಕೊಡಲಿಲ್ಲ. ಅಕ್ಕನೂ ಏನೂ ಹೇಳಲಿಲ್ಲ, ಖಾಲಿಯಾದ ಮೇಲೆ ಇನ್ನರ್ಧ ತಂದು ಹಾಕಿದಳು.

ಈ ನಡುವೆ ಬಿಕ್ಕಳಿಕೆ ಯಾವಾಗ ನಿಂತಿತೋ ಗೊತ್ತಿಲ್ಲ. ಮೊದಲು ಗಮನಿಸಿದ್ದು ಅಕ್ಕನ ಮಗಳು. “ಚಿಕ್ಕಮ್ಮ, ನಿಂತೇ ಹೋಯ್ತಲ್ಲ!” ಅಂದದ್ದೇ ತಡ, ಜಗಳ ಹತ್ತಿತು. ಸಕ್ಕರೆಯಿಂದ ಅಂತ ಅಕ್ಕ. ಜಿಗಣೆ ನೋಡಿ ನಕ್ಕದ್ದರಿಂದ ಅಂತ ಮಗಳು. ಹೆಚ್ಚಿನ ಬಿಕ್ಕಳಿಕೆ ತಾನಾಗೇ ನಿಲ್ಲುತ್ತದೆ ಅಂತ ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾತ್ರಿ ಕರೆಂಟ್ ಬಂದ ಮೇಲೆ ಫ್ಯಾಮಿಲಿ ಗ್ರೂಪಿನಲ್ಲಿ ನನ್ನ ಕೆಂಪು ಮುಖದ ವಿಡಿಯೋ. ಕೆಳಗೆ ಭಾವನ ಬರಹ: “ಇಂದು ಉಸಿರಾಟದ ಡ್ರಿಲ್‌ನಿಂದ ಬಿಕ್ಕಳಿಕೆ ಸಂಪೂರ್ಣ ಗುಣ. ತೊಂದರೆ ಇರುವವರು ಬೆಳಿಗ್ಗೆ ಆರರ ನಂತರ ಫೋನ್ ಮಾಡಬಹುದು.” ಅದಕ್ಕೆ ಸಾಲುಸಾಲು ಹೆಬ್ಬೆರಳು. ಅಕ್ಕನದೂ ಒಂದು.