ಐದಕ್ಕೆ ಐದು ಕೊಡಿ, ಹೆಸರು ಬೇಡ

ಪೋಸ್ಟ್ ನೀವೂ ನೋಡಿರುತ್ತೀರಿ. ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಕಂಪನಿಗೆ 'ಅತ್ಯುತ್ತಮ ನಾಯಕತ್ವ'ದ ಬ್ಯಾಡ್ಜ್ ಸಿಕ್ಕಿದೆ. ರಿಸೆಪ್ಶನ್ನಿನಲ್ಲಿ ಗಣಪತಿ ಪಕ್ಕದಲ್ಲೇ ತೂಗು ಹಾಕಿದ್ದಾರೆ, ಊದಿನಕಡ್ಡಿ ಇಬ್ಬರಿಗೂ ಸೇರಿ ಒಂದೇ. ಕೊಟ್ಟವರು ಯಾರು? ನಾವೇ, ನೌಕರರು. ಸಮೀಕ್ಷೆ ತುಂಬಿ ಅಂತ ಎಚ್‌ಆರ್ ಮೇಡಂ ಮೂರು ಸಲ ಮೇಲ್ ಹಾಕಿ, ನಾಲ್ಕನೇ ಸಲ ಸೀಟಿನ ಹತ್ತಿರವೇ ಬಂದು ನಿಂತ ಮೇಲೆ, ಪೂರ್ತಿ ಸ್ವಇಚ್ಛೆಯಿಂದ.

ಸಮೀಕ್ಷೆಯಲ್ಲಿ ಹೆಸರು ಕೇಳುವುದಿಲ್ಲ ಅಂತ ಮೇಲೆ ದಪ್ಪಕ್ಷರದಲ್ಲಿತ್ತು. ನಿಜ, ಕೇಳಲಿಲ್ಲ. ಯಾವ ಟೀಮು, ಯಾವ ಮಹಡಿ, ಸೇರಿದ ವರ್ಷ, ಮಾತೃಭಾಷೆ, ಅಷ್ಟೇ ಕೇಳಿದ್ದು. ನಮ್ಮ ಟೀಮಿನಲ್ಲಿ ಕನ್ನಡದವನು ನಾನೊಬ್ಬನೇ. 'ಡಿಸೈನ್ ಮುಖ್ಯಸ್ಥರ ದೂರದೃಷ್ಟಿ ಹೇಗಿದೆ?' ಅನ್ನುವ ಪ್ರಶ್ನೆಗೆ ಐದೂ ನಕ್ಷತ್ರ ಒತ್ತಿದೆ. ದೂರದೃಷ್ಟಿ ಇದೆ, ಅನುಮಾನವೇ ಇಲ್ಲ. ಹತ್ತಿರದ್ದು ಕಾಣುವುದಿಲ್ಲ, ಅದೊಂದೇ ತೊಂದರೆ.

ವಾಕಡ್‌ನಲ್ಲಿ ವಿಜಯಪುರದ ಅಕ್ಕ ಒಬ್ಬರ ಖಾನಾವಳಿ ಇದೆ. ಮೊನ್ನೆ ಎಲ್ಲರೆದುರಿಗೇ 'ಅಕ್ಕಾರ, ಸಾರಿಗೆ ಉಪ್ಪು ಜಾಸ್ತಿ ಆಗೇದ ನೋಡ್ರಿ' ಅಂದೆ. 'ಹೌದೇನ್ರಿ? ತಡೀರಿ, ಬ್ಯಾರೆ ತರ್ತೀನಿ' ಅಂದು ಬಟ್ಟಲು ಎತ್ತಿಕೊಂಡು ಹೋದರು. ಯಾವ ಮಹಡಿ ಅಂತ ಕೇಳಲಿಲ್ಲ.

ನಮ್ಮ ಡಿಸೈನ್ ಸಾಹೇಬರದು ಬೇರೆಯೇ ದಾರಿ. ಒಂದು ಕಂಪನಿಗೆ ಹೋಗುತ್ತಾರೆ, ಲೋಗೋದ ಮೂಲೆ ಗುಂಡಗೆ ಮಾಡುತ್ತಾರೆ, ಗ್ರಾಹಕರು ಬೈಯಲು ಶುರು ಮಾಡುವ ಹೊತ್ತಿಗೆ ಇನ್ನೊಂದು ಕಂಪನಿಯಲ್ಲಿ ಇನ್ನೂ ಉದ್ದದ ಹುದ್ದೆಯಲ್ಲಿ ಕೂತಿರುತ್ತಾರೆ. ಕೇಳಿದರೆ ಆಪಲ್‌ನ ಜೋನಿ ಐವ್ ಹೆಸರು ಹೇಳುತ್ತಾರೆ. ಐವ್ ನಿಜಕ್ಕೂ ಕೈಗುಣ ಇದ್ದವರು. 1992ರಲ್ಲಿ ಸೇರಿ ಐಮ್ಯಾಕ್, ಐಪಾಡ್, ಐಫೋನ್ ರೂಪಿಸಿದವರಿಗೆ ಕೈ ಮುಗಿಯಲೇಬೇಕು. ಆದರೆ ಅವರು ಚೀಫ್ ಡಿಸೈನ್ ಆಫೀಸರ್ ಆದ 2015ರಲ್ಲೇ ಬಂದ ಆ ಮೌಸ್ ನೋಡಿದ್ದೀರಾ? ಚಾರ್ಜಿಂಗ್ ತೂತು ಹೊಟ್ಟೆಯ ಕೆಳಗಿದೆ. ಚಾರ್ಜ್ ಆಗುವವರೆಗೂ ಅಂಗಾತ ಬಿದ್ದ ಜಿರಳೆಯ ಹಾಗೆ ಮಲಗಿರುತ್ತದೆ, ನಾವು ಟೀ ಕುಡಿದು ಬರಬೇಕು. ಅದೇ ವರ್ಷದ ತೆಳು ಕೀಬೋರ್ಡಿನೊಳಗೆ ಚೂರು ಧೂಳು ಹೋದರೂ ಕೀಲಿ ಕೈಕೊಡುತ್ತಿತ್ತು. ಅದಕ್ಕೆ ಗ್ರಾಹಕರು ಹೂಡಿದ ಮೊಕದ್ದಮೆ ಮುಗಿಸಲು ಆಪಲ್ 2022ರಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿತು. ಐವ್ 2019ರಲ್ಲೇ ಹೊರಬಿದ್ದಿದ್ದರು. ಮುಂದೆ ಅವರು ಬೇರೆಯವರ ಜೊತೆಗೂಡಿ ಕಟ್ಟಿದ ಕಂಪನಿಯನ್ನು 2025ರಲ್ಲಿ ಚಾಟ್‌ಜಿಪಿಟಿಯ ಓಪನ್‌ಎಐ ಸುಮಾರು 650 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ನಮ್ಮ ಸಾಹೇಬರು ಐಫೋನ್ ಪಾಠದ ದಿನ ಗೈರುಹಾಜರು, ಮೌಸ್ ಪಾಠ ಮಾತ್ರ ಬಾಯಿಪಾಠ.

ಅವರ ಲೇಟೆಸ್ಟ್ ಕೊಡುಗೆ ನಮ್ಮ ಹಾಜರಿ ಆ್ಯಪ್. ಹೋಮ್ ಪೇಜ್ 'ಉಸಿರಾಡಬೇಕು' ಅಂತ ರಜೆಯ ಬಟನ್ನನ್ನು ಮೂರು ಚುಕ್ಕಿಯೊಳಗೆ, ಅದರೊಳಗೆ ಇನ್ನೊಂದು ಬಾಣದೊಳಗೆ ತುರುಕಿದ್ದಾರೆ. ಹೋದ ತಿಂಗಳು ಅಪ್ಪನ ಕಣ್ಣಿನ ಆಪರೇಷನ್ ಅಂತ ಧಾರವಾಡಕ್ಕೆ ಹೊರಟಾಗ ಬಸ್ಸಿನಲ್ಲಿ ಕೂತು ಅರ್ಧ ಗಂಟೆ ಹುಡುಕಿದೆ. ಸಿಕ್ಕಲಿಲ್ಲ. ಮ್ಯಾನೇಜರಿಗೆ ಮೆಸೇಜ್ ಹಾಕಿದೆ. ಸಿಸ್ಟಂನಲ್ಲಿ ಇಲ್ಲ ಅಂತ ಎರಡು ದಿನದ ಸಂಬಳ ಕತ್ತರಿಸಿದರು. ಇದರಲ್ಲಿ ತಮಾಷೆ ಏನೂ ಇಲ್ಲ, ನನಗೆ ನಗು ಬರುತ್ತಿಲ್ಲ. ಇದ್ದ ಬಟನ್ ಇದ್ದಲ್ಲೇ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೀಗೆ ಸಂಬಳ ಕಳೆದುಕೊಂಡ ನಾನೇ ಆಮೇಲೆ ಸುಮ್ನೆ ಕೂತು ಐದು ನಕ್ಷತ್ರ ಒತ್ತಿದೆ. ಸಿಟ್ಟು ಸಾಹೇಬರ ಮೇಲಿಗಿಂತ ಆ ಬೆರಳಿನ ಮೇಲೇ ಜಾಸ್ತಿ.

ಇವತ್ತು ಮತ್ತೆ ಮೇಲ್ ಬಂದಿದೆ. ಸಾಹೇಬರು ಮುಂಬೈಗೆ, ದೊಡ್ಡ ಕಂಪನಿಗೆ ಹೊರಟಿದ್ದಾರೆ. ಈ ಬ್ಯಾಡ್ಜ್ ಅವರ ಬಯೋಡೇಟಾದ ಮೊದಲ ಸಾಲಿನಲ್ಲೇ ಇದೆಯಂತೆ. ಗುರುವಾರ ಬೀಳ್ಕೊಡುಗೆ, ತಲೆಗೆ 300 ರೂಪಾಯಿ ಚಂದಾ. ಅದನ್ನು ಕಟ್ಟುವ ಬಟನ್ ಆ್ಯಪ್ ತೆರೆದ ಕೂಡಲೇ ಕಾಣುತ್ತದೆ, ಅಂಗೈ ಅಗಲ.